ಎರೆ ಮಣ್ಣಿನ ಸೀಮೆಯಲ್ಲಿ ಕೂತು ಫೈಬರ್ ಸೆನ್ಸರ್ ಸಂಶೋಧನೆ ಶುರು ಮಾಡುವುದು ಹೇಗೆ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಇಂಜಿನಿಯರಿಂಗ್ ಮತ್ತು ಎಂ.ಎಸ್ಸಿ. ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆಪ್ಟಿಕಲ್ ಫೈಬರ್ ಮೇಲೆ ಪ್ರಾಜೆಕ್ಟ್ ಮಾಡಬೇಕು ಅಂದ ಕೂಡಲೇ ಎಲ್ಲರೂ ಕೇಳುವುದು "ಯಾವ ಮಷಿನ್ ಬೇಕು, ಎಷ್ಟು ಖರ್ಚಾಗುತ್ತೆ" ಅಂತ. ಆ ಪ್ರಶ್ನೆ ಆಮೇಲೆ ಇರಲಿ. ಮೊದಲು ಕೇಳಬೇಕಾದ್ದು ಬೇರೆ: ಎಲ್ಲಿ, ಏನನ್ನು ಅಳೆಯಬೇಕು? ನಮ್ಮ ಸೀಮೆಯಲ್ಲಿ ಇದಕ್ಕೆ ಉತ್ತರ ಬೇಕಾದಷ್ಟಿವೆ. ಉತ್ತರ ಕೈಗೆ ಸಿಕ್ಕರೆ ಯಾವ ಸಲಕರಣೆ ಬೇಕು ಅನ್ನುವುದು ತಾನಾಗೇ ಗೊತ್ತಾಗುತ್ತದೆ, ಎಷ್ಟೋ ಸಲ ಅದು ಅಂದುಕೊಂಡದ್ದಕ್ಕಿಂತ ತುಂಬ ಅಗ್ಗವಾಗಿರುತ್ತದೆ.

ಶುರುವಿಗೆ ಇಷ್ಟು ತಿಳಿದಿರಲಿ

ಮನೆಗೆ ಇಂಟರ್ನೆಟ್ ತರುವ ಗಾಜಿನ ಎಳೆಯ ದಪ್ಪ 125 ಮೈಕ್ರಾನ್. ಅದರ ನಡುವಿನ ಕೋರ್ ಸುಮಾರು 9 ಮೈಕ್ರಾನ್, ಬೆಳಕು ಓಡುವುದು ಅದರೊಳಗೆ. 1966ರಲ್ಲಿ ಚಾರ್ಲ್ಸ್ ಕಾವೋ ಮತ್ತು ಜಾರ್ಜ್ ಹಾಕ್‌ಹ್ಯಾಮ್, ಗಾಜನ್ನು ಚೆನ್ನಾಗಿ ಶುದ್ಧ ಮಾಡಿ ನಷ್ಟವನ್ನು ಕಿಲೋಮೀಟರಿಗೆ 20 ಡೆಸಿಬೆಲ್‌ಗಿಂತ ಕೆಳಗೆ ತಂದರೆ ಫೈಬರಿನಲ್ಲಿ ದೂರಸಂಪರ್ಕ ಮಾಡಬಹುದು ಅಂತ ಬರೆದರು. 20 ಡೆಸಿಬೆಲ್ ಅಂದರೆ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಬೆಳಕು ನೂರರಲ್ಲಿ ಒಂದು ಪಾಲು ಉಳಿಯುತ್ತದೆ. 1970ರಲ್ಲಿ ಕಾರ್ನಿಂಗ್ ಕಂಪನಿಯವರು ಆ ಗುರಿ ಮುಟ್ಟಿದರು. ಕಾವೋ ಅವರಿಗೆ 2009ರಲ್ಲಿ ನೊಬೆಲ್ ಬಂತು. ಈಗ 1550 ನ್ಯಾನೋಮೀಟರ್ ಬೆಳಕಿಗೆ ನಷ್ಟ ಕಿಲೋಮೀಟರಿಗೆ 0.2 ಡೆಸಿಬೆಲ್ ಆಸುಪಾಸು. ಅಂದರೆ ಒಂದು ಕಿಲೋಮೀಟರ್ ದಾಟಿದ ಮೇಲೂ ನೂರಕ್ಕೆ 95 ಪಾಲು ಬೆಳಕು ಹಾಗೇ ಇರುತ್ತದೆ.

ಇಷ್ಟು ಶುದ್ಧ ಗಾಜಿನಲ್ಲೂ ಕಳೆದುಹೋಗುವ ಆ ಸ್ವಲ್ಪ ಬೆಳಕು ಹೆಚ್ಚಾಗಿ ಚದುರಿ ಹೋಗಿರುತ್ತದೆ, ಅದರಲ್ಲಿ ಒಂದು ಚಿಕ್ಕ ಪಾಲು ಬಂದ ದಾರಿಯಲ್ಲೇ ಹಿಂದಕ್ಕೆ ಬರುತ್ತದೆ. ಸೆನ್ಸಿಂಗ್ ಮಾಡುವವರು, ಅಂದರೆ ಫೈಬರನ್ನೇ ಸೆನ್ಸರ್ ಮಾಡಿಕೊಂಡು ಅಳೆಯುವವರು, ಓದುವುದು ಇದನ್ನೇ. ಇದರಲ್ಲಿ ಮೂರು ಬಗೆ. ರೇಲೀ ಚದುರುವಿಕೆ ಎಲ್ಲಕ್ಕಿಂತ ಜೋರು, ಕಂಪನ ಹಿಡಿಯಲು ಅದು ಬೇಕು. ಬ್ರಿಲುವಾ ಚದುರುವಿಕೆಯಲ್ಲಿ ಬೆಳಕಿನ ಆವರ್ತನ ಸುಮಾರು 11 ಗಿಗಾಹರ್ಟ್ಸ್ ಸರಿಯುತ್ತದೆ, ಫೈಬರ್ ಎಳೆದರೆ ಅಥವಾ ಬಿಸಿ ಆದರೆ ಆ ಸರಿತ ಬದಲಾಗುತ್ತದೆ. ಮೂರನೆಯದು ರಾಮನ್ ಚದುರುವಿಕೆ. ಸರ್ ಸಿ.ವಿ. ರಾಮನ್ 1928ರಲ್ಲಿ ಕಲ್ಕತ್ತೆಯಲ್ಲಿ ಕಂಡ ಅದೇ ಪರಿಣಾಮ. ಇವತ್ತು ಹತ್ತಾರು ಕಿಲೋಮೀಟರ್ ಉದ್ದದ ಕೇಬಲಿನ ಮೀಟರ್ ಮೀಟರಿಗೂ ಉಷ್ಣಾಂಶ ಹೇಳುವ ಯಂತ್ರಗಳು ಕೆಲಸ ಮಾಡುವುದು ಅದರಿಂದ. ಇದನ್ನು ಓದಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಮೊದಲ ಹೆಜ್ಜೆ: ಊರಲ್ಲೇ ಒಂದು ಪ್ರಶ್ನೆ ಹುಡುಕಿ

ನನ್ನ ಕೇಳಿದರೆ ಮೊದಲ ಸ್ಥಾನ ಎರೆ ಮಣ್ಣಿಗೆ. ನವಲಗುಂದ, ಅಣ್ಣಿಗೇರಿ, ನರಗುಂದ, ರೋಣ ಕಡೆ ಬೇಸಿಗೆಯಲ್ಲಿ ಹೊಲ ನೋಡಿದ್ದೀರಲ್ವಾ? ಕೈ ಇಳಿಯುವಷ್ಟು ಅಗಲ ಬಿರುಕು ಬಿಟ್ಟಿರುತ್ತದೆ. ಮಳೆ ಬಿದ್ದ ಮೇಲೆ ಅದೇ ಮಣ್ಣು ಉಬ್ಬಿ ಬಿರುಕೆಲ್ಲ ಮುಚ್ಚಿಕೊಳ್ಳುತ್ತದೆ. ಮನೆ ಗೋಡೆ ಸೀಳುವುದು, ರಸ್ತೆ ಅಲೆಯಲೆ ಆಗುವುದು, ನೀರಿನ ಪೈಪಿನ ಜಾಯಿಂಟ್ ಬಿಡುವುದು ಎಲ್ಲದರ ಹಿಂದೆ ಈ ಉಬ್ಬುವ ಕುಗ್ಗುವ ಆಟ ಇದೆ. ಮಣ್ಣು ಎಷ್ಟು ಆಳದಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಸರಿಯುತ್ತದೆ? ಫೈಬರ್ ಹೂಳಿ ಇದನ್ನು ಅಳೆಯುವುದು ನಿಜವಾದ ಸಂಶೋಧನೆಯ ಪ್ರಶ್ನೆ, ಅದಕ್ಕೆ ಬೇಕಾದ ಮಣ್ಣು ನಮ್ಮ ಹಿತ್ತಲಲ್ಲೇ ಇದೆ.

ಬೇರೆಯವೂ ಇವೆ. ಗದಗ ಸೀಮೆಯ ಗಾಳಿಯಂತ್ರಗಳ ರೆಕ್ಕೆ ಎಷ್ಟು ಬಾಗುತ್ತದೆ ಅಂತ ನೋಡಲು ಫೈಬರ್ ಸೆನ್ಸರ್ ಚೆನ್ನಾಗಿ ಒಗ್ಗುತ್ತದೆ, ಯಾಕೆಂದರೆ ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ, ಸಿಡಿಲಿನ ಕಾಟ ಕಡಿಮೆ. ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಮೆಣಸಿನಕಾಯಿ ಚೀಲದ ರಾಶಿ ಒಳಗೆ ಎಲ್ಲಿ ಬಿಸಿ ಏರುತ್ತಿದೆ ಅನ್ನುವುದು ರಾಮನ್ ಸೆನ್ಸರಿಗೆ ಹೇಳಿ ಮಾಡಿಸಿದ ಕೆಲಸ. ಮಲಪ್ರಭಾ ಜಲಾಶಯದಿಂದ ಹುಬ್ಬಳ್ಳಿ-ಧಾರವಾಡಕ್ಕೆ ನೀರು ತರುವ ಉದ್ದದ ಪೈಪ್‌ಲೈನ್ ಇದೆ, ಸೋರಿಕೆ ಆದ ಕಡೆ ಮಣ್ಣಿನ ಉಷ್ಣಾಂಶವೂ ಬದಲಾಗುತ್ತದೆ, ಸದ್ದೂ ಬರುತ್ತದೆ. ರೈಲ್ವೆ ಹಳಿಯಂತೂ ಸರಿಯೇ. ಈಶಾನ್ಯ ಗಡಿ ರೈಲ್ವೆಯವರು ಹಳಿ ಪಕ್ಕದ ಫೈಬರ್ ಬಳಸಿ ಆನೆ ಹತ್ತಿರ ಬರುವುದನ್ನು ಅದರ ಹೆಜ್ಜೆಯ ಕಂಪನದಿಂದ ಪತ್ತೆ ಮಾಡುತ್ತಿದ್ದಾರೆ.

ಇವುಗಳಲ್ಲಿ ಒಂದನ್ನೇ ಆರಿಸಿ. ಒಂದೇ ಪುಟದಲ್ಲಿ ಬರೆಯಿರಿ: ಏನನ್ನು ಅಳೆಯುತ್ತೇನೆ, ಎಷ್ಟರಿಂದ ಎಷ್ಟರವರೆಗೆ, ಎಷ್ಟು ಸೂಕ್ಷ್ಮವಾಗಿ, ಎಷ್ಟು ಹೊತ್ತಿಗೊಮ್ಮೆ. ಈ ನಾಲ್ಕು ಸಾಲು ಬರೆಯಲು ಆಗದಿದ್ದರೆ ಇನ್ನೂ ಪ್ರಶ್ನೆ ಸಿಕ್ಕಿಲ್ಲ ಅಂತಲೇ ಅರ್ಥ.

ಎರಡನೆಯದು: ಪ್ಲಾಸ್ಟಿಕ್ ಫೈಬರಿನಿಂದ ಕೈ ಪಳಗಿಸಿ

ಗಾಜಿನ ಫೈಬರಿಗೆ ಕೈ ಹಾಕುವ ಮೊದಲು ಪ್ಲಾಸ್ಟಿಕ್ ಫೈಬರ್ ತರಿಸಿ. 1 ಮಿಲಿಮೀಟರ್ ದಪ್ಪದ್ದು ಸಾಕು. ಬ್ಲೇಡಿನಿಂದ ಕತ್ತರಿಸಬಹುದು, ತುದಿಯನ್ನು ನಯವಾದ ಪಾಲಿಶ್ ಪೇಪರಿನ ಮೇಲೆ ಎಂಟರ ಆಕಾರದಲ್ಲಿ ಉಜ್ಜಿದರೆ ಹೊಳಪು ಬರುತ್ತದೆ. ನಷ್ಟ ಕಿಲೋಮೀಟರಿಗೆ 150 ಡೆಸಿಬೆಲ್‌ಗೂ ಜಾಸ್ತಿ ಇರುತ್ತದೆ, ಆದರೆ ನಿಮಗೆ ಬೇಕಾಗಿರುವುದು ಒಂದೆರಡು ಮೀಟರ್ ಮಾತ್ರ. ಕೆಂಪು ಬೆಳಕು ಇದರಲ್ಲಿ ಚೆನ್ನಾಗಿ ಹೋಗುತ್ತದೆ. ಒಂದು ಕೆಂಪು ಎಲ್‌ಇಡಿ, ಅದಕ್ಕೆ 220 ಓಮ್ ರೆಸಿಸ್ಟರ್, ಬೆಳಕನ್ನು ಕರೆಂಟ್ ಮಾಡುವ ಒಂದು ಫೋಟೋಡಯೋಡ್, ಅದನ್ನು ಓದಿ ಅಂಕಿ ಕೊಡಲು ಪ್ರೋಗ್ರಾಂ ಹಾಕಬಹುದಾದ ಒಂದು ಆರ್ಡುಯಿನೋ ಬೋರ್ಡ್. ಇಷ್ಟೇ ಪ್ರಯೋಗಾಲಯ.

ಆರ್ಡುಯಿನೋ ಊನೋ 5 ವೋಲ್ಟನ್ನು 1024 ಮೆಟ್ಟಿಲುಗಳಾಗಿ ಒಡೆಯುತ್ತದೆ, ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್. ಶುರುವಿಗೆ ಪರವಾಗಿಲ್ಲ. ಆಮೇಲೆ ಸಾಲದು ಅನಿಸಿದರೆ 16 ಬಿಟ್‌ನ ಎಡಿಎಸ್ 1115 ಬೋರ್ಡ್ ಸೇರಿಸಿಕೊಳ್ಳಿ.

ಒಂದು ವಿಷಯ ಮೊದಲ ದಿನದಿಂದಲೇ ರೂಢಿಯಾಗಲಿ. ಎಲ್‌ಇಡಿ ಹಚ್ಚಿ ಒಂದು ಸಲ, ಆರಿಸಿ ಒಂದು ಸಲ ಓದಿ, ಎರಡರ ವ್ಯತ್ಯಾಸವನ್ನು ಬರೆದುಕೊಳ್ಳಿ. ಕೋಣೆಯ ಟ್ಯೂಬ್‌ಲೈಟ್, ಕಿಟಕಿಯ ಬಿಸಿಲು ಎಲ್ಲ ಹೀಗೆ ಕಳೆದುಹೋಗುತ್ತವೆ. ಎಲ್‌ಇಡಿ ಬಿಸಿಯಾದಂತೆ ಬೆಳಕು ಕುಗ್ಗುತ್ತದೆ, ಅದಕ್ಕೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಅಳತೆ ಶುರು ಮಾಡಿ. ಇನ್ನೂ ಒಳ್ಳೆಯದು ಏನೆಂದರೆ ಅದೇ ಎಲ್‌ಇಡಿಯಿಂದ ಎರಡು ಫೈಬರ್ ಹೊರಡಿಸಿ, ಒಂದನ್ನು ಏನೂ ಮಾಡದೆ ಸುಮ್ನೆ ಬಿಟ್ಟು, ಇನ್ನೊಂದನ್ನು ಸೆನ್ಸರ್ ಮಾಡಿ, ಎರಡರ ಭಾಗಲಬ್ಧ ತೆಗೆದುಕೊಳ್ಳುವುದು. ಹೀಗೆ ಮಾಡಿದರೆ ಕರೆಂಟ್ ಏರಿಳಿತದ ತಲೆನೋವೂ ಹೋಗುತ್ತದೆ.

ಮೊದಲ ಪ್ರಯೋಗ ಬಾಗಿಸುವುದು. ಬೇರೆ ಬೇರೆ ದಪ್ಪದ ಪೈಪುಗಳಿಗೆ ಫೈಬರನ್ನು ಒಂದೊಂದು ಸುತ್ತು ಸುತ್ತಿ ಬೆಳಕು ಎಷ್ಟು ಇಳಿಯಿತು ನೋಡಿ. ಅದನ್ನು ಡೆಸಿಬೆಲ್‌ಗೆ ತಿರುಗಿಸಿ: ಮೊದಲಿನ ಶಕ್ತಿಯನ್ನು ಈಗಿನ ಶಕ್ತಿಯಿಂದ ಭಾಗಿಸಿ, ಲಾಗ್ ತೆಗೆದು, 10ರಿಂದ ಗುಣಿಸಿ. 3 ಡೆಸಿಬೆಲ್ ಅಂದರೆ ಅರ್ಧ ಹೋಯಿತು ಅಂತ. ಗ್ರಾಫ್ ಹಾಕಿದರೆ ಒಂದು ವ್ಯಾಸದ ತನಕ ಹೆಚ್ಚೇನೂ ಆಗದೆ, ಅದಕ್ಕಿಂತ ಸಣ್ಣದಕ್ಕೆ ಹೋದಾಗ ನಷ್ಟ ಒಮ್ಮೆಲೇ ಏರುವುದು ಕಾಣುತ್ತದೆ.

ಎರಡನೆಯ ಪ್ರಯೋಗ ಸಕ್ಕರೆ ನೀರು. ಇದಕ್ಕೆ ಜಾಸ್ತಿ ಹೊತ್ತು ಕೊಡಿ, ಯಾಕೆಂದರೆ ಸೆನ್ಸರ್ ಸಂಶೋಧನೆಯಲ್ಲಿ ಬರುವ ಎಲ್ಲ ತೊಡಕೂ ಇದರಲ್ಲಿ ಚಿಕ್ಕದಾಗಿ ಬರುತ್ತದೆ. ಫೈಬರಿನ ನಡುವೆ ಮೂರು ನಾಲ್ಕು ಸೆಂಟಿಮೀಟರ್ ಜಾಗದಲ್ಲಿ ಕಪ್ಪು ಕವಚ ತೆಗೆದು, ಒಳಗಿನ ತೆಳು ಹೊದಿಕೆಯನ್ನು ನಯವಾದ ಪಾಲಿಶ್ ಪೇಪರಿನಿಂದ ಉಜ್ಜಿ ತೆಗೆಯಿರಿ. ಕೋರ್‌ನ ವಕ್ರೀಭವನ ಸೂಚ್ಯಂಕ 1.49, ನೀರಿನದು 1.33. ನೂರು ಗ್ರಾಂ ದ್ರಾವಣದಲ್ಲಿ 20 ಗ್ರಾಂ ಸಕ್ಕರೆ ಇದ್ದರೆ 1.364, 50 ಗ್ರಾಂ ಇದ್ದರೆ 1.42. ಹೊರಗಿನ ಸೂಚ್ಯಂಕ ಕೋರ್‌ನ ಹತ್ತಿರ ಬಂದಷ್ಟೂ ಬೆಳಕು ಹೊರಗೆ ಸೋರುತ್ತದೆ, ತುದಿಯಲ್ಲಿ ಓದು ಇಳಿಯುತ್ತದೆ. ಫೈಬರನ್ನು ಇಂಗ್ಲಿಷಿನ ಯು ಆಕಾರಕ್ಕೆ ಬಗ್ಗಿಸಿ ಅದ್ದಿದರೆ ಪರಿಣಾಮ ಇನ್ನೂ ಸ್ಪಷ್ಟ.

ಇಲ್ಲಿ ಗಮನಿಸಬೇಕಾದ್ದು ಹಲವು. ಗಾಳಿಯಲ್ಲಿ ಇರುವಾಗಿನ ಓದನ್ನು ಶೂನ್ಯ ಅಂತ ಹಿಡಿಯಬೇಡಿ. ಉಜ್ಜಿದ ಮೇಲ್ಮೈ ಒರಟಾಗಿರುತ್ತದೆ, ಗಾಳಿಯಲ್ಲಿ ಅದು ಬೆಳಕನ್ನು ಚದುರಿಸುತ್ತದೆ, ನೀರಿಗೆ ಅದ್ದಿದಾಗ ಆ ಚದುರುವಿಕೆ ಕಡಿಮೆಯಾಗಿ ಓದು ಏರಿದರೂ ಏರಬಹುದು. ಬರೀ ನೀರಿನ ಓದನ್ನೇ ಆಧಾರ ಮಾಡಿಕೊಳ್ಳಿ. ಬೆಲ್ಲ ಬೇಡ, ಅದರ ಬಣ್ಣ ಮತ್ತು ಅದರೊಳಗಿನ ಕಸ ಬೇರೆಯಾಗಿ ಬೆಳಕು ತಿನ್ನುತ್ತವೆ, ಆಗ ಇಳಿದದ್ದು ಸೂಚ್ಯಂಕದಿಂದಲೋ ಬಣ್ಣದಿಂದಲೋ ಹೇಳಲು ಬರುವುದಿಲ್ಲ. ಗುಳ್ಳೆ ಅಂಟಿದೆಯಾ ನೋಡಿ. ದ್ರಾವಣದ ಉಷ್ಣಾಂಶ ಪ್ರತಿ ಸಲ ಬರೆಯಿರಿ. ಕಡಿಮೆ ಸಕ್ಕರೆಯಿಂದ ಜಾಸ್ತಿಗೆ ಹೋಗಿ, ಮತ್ತೆ ಜಾಸ್ತಿಯಿಂದ ಕಡಿಮೆಗೆ ಬನ್ನಿ. ಹೋಗುವಾಗಿನ ಗೆರೆ ಮತ್ತು ಬರುವಾಗಿನ ಗೆರೆ ಒಂದರ ಮೇಲೊಂದು ಕೂರದಿದ್ದರೆ, ಎಷ್ಟು ಕೂರಲಿಲ್ಲ ಅನ್ನುವುದೇ ನಿಮ್ಮ ಸೆನ್ಸರಿನ ನಿಜವಾದ ಯೋಗ್ಯತೆ. ಬಹಳ ಪ್ರಾಜೆಕ್ಟ್ ವರದಿಗಳಲ್ಲಿ ಒಂದೇ ದಿಕ್ಕಿನ ಗೆರೆ ಇರುತ್ತದೆ, ಅದನ್ನು ನೋಡಿ ಯಾರೂ ಏನೂ ನಿರ್ಧರಿಸಲು ಆಗದು.

ಗಾಜಿಗೆ ಬರೋಣ

ನಿಮ್ಮ ಊರಲ್ಲಿ ಫೈಬರ್ ಎಳೆಯುವ ಕೇಬಲಿನವರು ಇದ್ದೇ ಇರುತ್ತಾರೆ. ಅವರ ಹತ್ತಿರ ಹೋಗಿ, ಮರ್ಯಾದೆಯಿಂದ ಕೇಳಿ, ಒಂದು ದಿನ ಜೊತೆಗೆ ನಿಂತು ಜಾಯಿಂಟ್ ಹಾಕುವುದನ್ನು ನೋಡಿ. ತೆಗೆದು ಬಿಟ್ಟ ತುಂಡು ಕೇಬಲ್ ಕೊಡಿ ಅಂದರೆ ಸಾಮಾನ್ಯವಾಗಿ ಕೊಡುತ್ತಾರೆ. ಕವಚ ಸುಲಿಯುವುದು, ಸ್ಪಿರಿಟ್ ಹಚ್ಚಿ ಒರೆಸುವುದು, ಕ್ಲೀವರಿನಲ್ಲಿ ನೇರವಾಗಿ ಕತ್ತರಿಸುವುದು, ಸ್ಪ್ಲೈಸಿಂಗ್ ಮಷಿನ್‌ನಲ್ಲಿ ಕೂರಿಸಿ ಬೆಸೆಯುವುದು, ಸ್ಲೀವ್ ಹಾಕಿ ಕಾಯಿಸುವುದು. ಪುಸ್ತಕ ಓದಿ ಇದು ಬರುವುದಿಲ್ಲ. ನಮ್ಮ ಜಿಲ್ಲೆಗಳಲ್ಲಿ ಬಿಸಿಲಲ್ಲಿ, ಧೂಳಲ್ಲಿ ಕೂತು ಇದನ್ನು ದಿನವೂ ಮಾಡುವವರ ಕೈಯಲ್ಲಿರುವ ಜ್ಞಾನ ದೊಡ್ಡದು. ನಿಮ್ಮ ವರದಿಯಲ್ಲಿ ಅವರ ಉಪಕಾರ ಸ್ಮರಣೆ ಇರಲಿ.

ಜಾಗ್ರತೆ ಮಾತು ಮೂರು. ಯಾವ ಫೈಬರಿನ ತುದಿಯನ್ನೂ ಕಣ್ಣಿನ ನೇರಕ್ಕೆ ಹಿಡಿದು ನೋಡಬೇಡಿ, ದೂರಸಂಪರ್ಕದ ಬೆಳಕು ಕಣ್ಣಿಗೆ ಕಾಣುವುದಿಲ್ಲ ಆದರೆ ಕಣ್ಣನ್ನು ಕೆಡಿಸಬಲ್ಲದು. ಎರಡನೆಯದು, ಕತ್ತರಿಸಿದ ಗಾಜಿನ ಚೂರು. ಕೂದಲಿಗಿಂತ ಸಣ್ಣ, ಚರ್ಮದೊಳಗೆ ಹೊಕ್ಕರೆ ತೆಗೆಯುವುದು ಕಷ್ಟ. ಮುಚ್ಚಳ ಇರುವ ಡಬ್ಬಿಯಲ್ಲಿ ಹಾಕಿ, ಕೆಲಸ ಮಾಡುವ ಮೇಜಿನ ಮೇಲೆ ತಿಂಡಿ, ಚಹಾ ಇಡಬೇಡಿ. ಮತ್ತೆ, ಚಾಲೂ ಇರುವ ಲೈನಿಗೆ ನಿಮ್ಮ ಯಾವ ಸಲಕರಣೆಯನ್ನೂ ಸಿಕ್ಕಿಸಬೇಡಿ. ಯಾರದೋ ಆಸ್ಪತ್ರೆ, ಯಾರದೋ ಬ್ಯಾಂಕ್ ಅದರ ಮೇಲೆ ನಡೆಯುತ್ತಿರುತ್ತದೆ.

ಕೇಬಲಿನವರ ಬಳಿ ಓಟಿಡಿಆರ್ (ಫೈಬರಿನಲ್ಲಿ ಎಲ್ಲಿ ಎಷ್ಟು ನಷ್ಟ ಅಂತ ತೋರಿಸುವ ಯಂತ್ರ) ಇದ್ದರೆ ಅದರ ಪರದೆ ಓದಲು ಕಲಿಯಿರಿ. ಬಾವಿಗೆ ಬಾಗಿ ಕೂಗಿ ಮಾರ್ದನಿ ಕೇಳಿದ ಹಾಗೆ, ಇದು ಬೆಳಕಿನ ಒಂದು ತುಣುಕನ್ನು ಕಳಿಸಿ ವಾಪಸ್ ಬರುವುದನ್ನು ಹೊತ್ತಿನ ಲೆಕ್ಕದಲ್ಲಿ ಬರೆಯುತ್ತದೆ. ಹುಬ್ಬಳ್ಳಿ ರೈಲು ನಿಲ್ದಾಣದ 1507 ಮೀಟರ್ ಪ್ಲಾಟ್‌ಫಾರ್ಮ್ ಉದ್ದಕ್ಕೆ ಫೈಬರ್ ಹಾಸಿದರೆ ಬೆಳಕು ಆ ತುದಿ ಮುಟ್ಟಿ ವಾಪಸ್ ಬರಲು ಸುಮಾರು 15 ಮೈಕ್ರೋಸೆಕೆಂಡ್ ಸಾಕು. ತುಣುಕು 10 ನ್ಯಾನೋಸೆಕೆಂಡ್ ಇದ್ದರೆ ಸುಮಾರು 1 ಮೀಟರ್ ಅಂತರದ ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ಕಾಣಬಹುದು. 1 ಮೈಕ್ರೋಸೆಕೆಂಡ್ ಇದ್ದರೆ ದೂರದ ತನಕ ಕಾಣುತ್ತದೆ, ಆದರೆ 100 ಮೀಟರ್ ಒಳಗಿನದೆಲ್ಲ ಒಂದರಲ್ಲಿ ಒಂದು ಬೆರೆತುಹೋಗುತ್ತದೆ. ದೂರ ಬೇಕೋ ಸೂಕ್ಷ್ಮ ಬೇಕೋ ಅನ್ನುವ ಈ ಜಗ್ಗಾಟ ಸೆನ್ಸಿಂಗ್ ಸಂಶೋಧನೆಯ ತುಂಬ ಇದೆ.

ಒಂದು ಉಪಯೋಗದ ಸೂತ್ರ: ಓಟಿಡಿಆರ್ ಗೆರೆಯಲ್ಲಿ ಮೆಟ್ಟಿಲು ಕಂಡರೆ 1310 ಮತ್ತು 1550 ನ್ಯಾನೋಮೀಟರ್ ಬೆಳಕು ಎರಡರಲ್ಲೂ ಅಳೆಯಿರಿ. ಬಾಗಿದ ಜಾಗದಲ್ಲಿ 1550ರ ನಷ್ಟ ತುಂಬ ಜಾಸ್ತಿ ಬರುತ್ತದೆ, ಜಾಯಿಂಟಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಎರೆ ಮಣ್ಣು ಕೇಬಲನ್ನು ಒತ್ತಿ ಬಗ್ಗಿಸಿದೆಯೋ ಇಲ್ಲಾ ಜಾಯಿಂಟೇ ಕೆಟ್ಟಿದೆಯೋ ಅನ್ನುವುದು ಅಗೆಯುವ ಮೊದಲೇ ಗೊತ್ತಾಗುತ್ತದೆ.

ಸಂವಹನದ ಕಡೆ ಆಸಕ್ತಿ ಇರುವವರು ಒಂದು ಶಕ್ತಿ ಲೆಕ್ಕವನ್ನು ಕೈಯಾರೆ ಮಾಡಿ ನೋಡಿ. ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ ಜಿಪಾನ್ ಜಾಲದಲ್ಲಿ ಸಾಮಾನ್ಯವಾಗಿ 28 ಡೆಸಿಬೆಲ್ ತನಕ ಕಳೆದುಕೊಳ್ಳಲು ಅವಕಾಶ ಇರುತ್ತದೆ. 32 ಮನೆಗೆ ಹಂಚುವ ಸ್ಪ್ಲಿಟರ್ ಸುಮಾರು 17 ತಿನ್ನುತ್ತದೆ. 20 ಕಿಲೋಮೀಟರ್ ಫೈಬರ್, 1310ರಲ್ಲಿ ಕಿಲೋಮೀಟರಿಗೆ 0.35ರಂತೆ, 7. ಜಾಯಿಂಟು, ಕನೆಕ್ಟರ್ ಎಲ್ಲ ಸೇರಿ 2 ಅಂದುಕೊಳ್ಳಿ. ಒಟ್ಟು 26. ಉಳಿದದ್ದು ಬರೀ 2. ಒಂದು ಕೊಳಕು ಕನೆಕ್ಟರ್ ಅಥವಾ ಕಿಟಕಿ ಸಂದಿಯಲ್ಲಿ ಮಡಿಚಿದ ಹಳದಿ ಪ್ಯಾಚ್ ಕಾರ್ಡ್ ಆ ಎರಡನ್ನೂ ನುಂಗಬಲ್ಲದು.

ಮಣ್ಣಿನಲ್ಲಿ ಹೂಳುವ ಮುಂಚೆ

ಬಹಳ ಜನ ಕೇಳುತ್ತಾರೆ, ಸರ್ಕಾರದ ಹಳ್ಳಿ ಇಂಟರ್ನೆಟ್ ಯೋಜನೆ ಭಾರತ್‌ನೆಟ್‌ನ ಫೈಬರ್ ಈಗಾಗಲೇ ಗ್ರಾಮ ಪಂಚಾಯ್ತಿಗಳ ತನಕ ಹೂಳಿದೆಯಲ್ಲ, ಅದರಲ್ಲೇ ಮಣ್ಣಿನ ಸೆಳೆತ (ಇಂಗ್ಲಿಷಿನ ಸ್ಟ್ರೇನ್) ಅಳೆಯಬಾರದೇ ಅಂತ. ಕಷ್ಟ. ದೂರಸಂಪರ್ಕದ ಕೇಬಲಿನಲ್ಲಿ ಫೈಬರ್ ಒಂದು ಕೊಳವೆಯೊಳಗೆ, ಜೆಲ್ ನಡುವೆ ಸಡಿಲವಾಗಿ ಇರುತ್ತದೆ. ಹೊರಗೆ ಎಳೆದರೂ ಒಳಗಿನ ಎಳೆಗೆ ಸೆಳೆತ ತಾಗಬಾರದು ಅಂತಲೇ ಹಾಗೆ ಮಾಡಿರುತ್ತಾರೆ. ಆ ಕೇಬಲ್ ಕಂಪನ ಕೇಳಲು ಒಳ್ಳೆಯದು, ಉಷ್ಣಾಂಶಕ್ಕೂ ನಡೆಯುತ್ತದೆ. ನಿಧಾನವಾಗಿ ಉಬ್ಬುವ ಮಣ್ಣಿನ ಸೆಳೆತಕ್ಕೆ ಮಾತ್ರ ಫೈಬರ್ ಕವಚಕ್ಕೆ ಬಿಗಿಯಾಗಿ ಅಂಟಿರುವ ಬೇರೆ ಕೇಬಲ್ ಬೇಕು.

ಸೆಳೆತ ಅಳೆಯಲು ಹೆಚ್ಚು ಬಳಕೆಯಲ್ಲಿರುವುದು ಫೈಬರ್ ಬ್ರ್ಯಾಗ್ ಗ್ರೇಟಿಂಗ್. ಕೋರ್‌ನೊಳಗೆ ಬೆಳಕಿನಿಂದಲೇ ಬರೆದ ಸಾಲು ಸಾಲು ಗೆರೆಗಳು ಅವು, ಒಂದೇ ಒಂದು ತರಂಗಾಂತರವನ್ನು ಹಿಂದಕ್ಕೆ ಕಳಿಸುತ್ತವೆ. ಕೆನ್ ಹಿಲ್ ಮತ್ತು ಸಂಗಡಿಗರು ಕೆನಡಾದಲ್ಲಿ 1978ರಲ್ಲಿ ಇದನ್ನು ತೋರಿಸಿದರು. 1550 ನ್ಯಾನೋಮೀಟರಿನ ಹತ್ತಿರ ಆ ತರಂಗಾಂತರ ಒಂದು ಮೈಕ್ರೋಸ್ಟ್ರೇನ್ (ಉದ್ದದ ಹತ್ತು ಲಕ್ಷದಲ್ಲಿ ಒಂದು ಪಾಲು ಹಿಗ್ಗುವ) ಸೆಳೆತಕ್ಕೆ ಸುಮಾರು 1.2 ಪೈಕೋಮೀಟರ್ ಸರಿಯುತ್ತದೆ, ಒಂದು ಡಿಗ್ರಿ ಬಿಸಿಗೆ ಸುಮಾರು 10 ಪೈಕೋಮೀಟರ್. ಈ ಎರಡು ಅಂಕಿ ಇಟ್ಟುಕೊಂಡು ಒಂದು ಲೆಕ್ಕ ಮಾಡಿ. ಹಗಲು ರಾತ್ರಿ ನಡುವೆ 15 ಡಿಗ್ರಿ ವ್ಯತ್ಯಾಸ ಇದ್ದರೆ 150 ಪೈಕೋಮೀಟರ್ ಸರಿತ. ಅದನ್ನು ಸೆಳೆತ ಅಂತ ತಿಳಿದರೆ 125 ಮೈಕ್ರೋಸ್ಟ್ರೇನ್! ಮಣ್ಣು ಅಲ್ಲಾಡದೇ ಇದ್ದರೂ ನಿಮ್ಮ ಗ್ರಾಫ್ ದಿನವೂ ಏರಿಳಿಯುತ್ತದೆ. ಇದಕ್ಕೆ ಪಕ್ಕದಲ್ಲೇ ಇನ್ನೊಂದು ಗ್ರೇಟಿಂಗನ್ನು ತೆಳು ಕೊಳವೆಯೊಳಗೆ ಸಡಿಲವಾಗಿ ಇಡಿ, ಅದಕ್ಕೆ ಬಿಸಿ ಮಾತ್ರ ತಾಗುತ್ತದೆ, ಅದರ ಓದನ್ನು ಮೊದಲನೆಯದರಿಂದ ಕಳೆಯಿರಿ. ಇದನ್ನು ಮಾಡದ ಯಾವ ಸೆಳೆತದ ಗ್ರಾಫನ್ನೂ ನಾನು ನಂಬುವುದಿಲ್ಲ, ನೀವೂ ನಂಬಬೇಡಿ.

ಹೊಲಕ್ಕೆ ಹೋಗುವ ಮೊದಲು ಮಣ್ಣಿನ ಪೆಟ್ಟಿಗೆ ಮಾಡಿ. ಉದ್ದನೆಯ ಕಟ್ಟಿಗೆಯ ಪೆಟ್ಟಿಗೆ ಸಾಕು. ಎರೆ ಮಣ್ಣು ತಂದು, ಹೆಂಟೆ ಒಡೆದು, ಪದರ ಪದರವಾಗಿ ತುಂಬಿ, ನಡುವೆ ಫೈಬರ್ ಇಡಿ. ಗ್ರೇಟಿಂಗ್ ಸಿಗದಿದ್ದರೆ ಪ್ಲಾಸ್ಟಿಕ್ ಫೈಬರೇ ಇರಲಿ, ಬಿರುಕು ಬಂದು ಫೈಬರ್ ಬಾಗಿದಾಗ ಬೆಳಕು ಇಳಿಯುವುದನ್ನು ಹಿಡಿಯಬಹುದು. ಅಳತೆ ಮಾಡಿ ನೀರು ಹಾಕಿ, ಒಣಗಲು ಬಿಡಿ, ಮತ್ತೆ ಹಾಕಿ. ಬಿರುಕಿನ ಅಗಲವನ್ನು ಪ್ರತಿದಿನ ಅದೇ ಹೊತ್ತಿಗೆ ಪಟ್ಟಿಯಿಂದ ಅಳೆದು, ಅದೇ ಜಾಗದಿಂದ ಫೋಟೋ ತೆಗೆಯಿರಿ. ಹೋಲಿಸಲು ಇದು ಬೇಕೇ ಬೇಕು. ಮಣ್ಣು ಒಣಗುವಾಗ ಫೈಬರಿನಿಂದ ಬಿಟ್ಟು ಸರಿಯುತ್ತದೆ, ಆಗ ಮಣ್ಣಿನ ಚಲನೆ ಎಳೆಗೆ ಪೂರ್ತಿ ದಾಟುವುದಿಲ್ಲ. ಕೇಬಲಿಗೆ ಅಲ್ಲಲ್ಲಿ ಚಿಕ್ಕ ಬಿಲ್ಲೆಗಳನ್ನು ಕಟ್ಟಿ ಹಿಡಿತ ಕೊಡಬಹುದು. ಬಿಲ್ಲೆ ಎಷ್ಟು ದೊಡ್ಡದಿರಬೇಕು, ಎಷ್ಟು ದೂರಕ್ಕೊಂದು ಇರಬೇಕು? ನಮ್ಮ ಮಣ್ಣಿಗೆ ಇದನ್ನು ಅಳೆದು ಹೇಳಿದರೆ ಅದೇ ಒಂದು ಪ್ರಬಂಧ.

ಯಾರನ್ನು ಕೇಳಬೇಕು

ಗ್ರೇಟಿಂಗ್ ಓದುವ ಯಂತ್ರ ದುಬಾರಿ, ಕೊಳ್ಳುವ ಯೋಚನೆ ಬಿಡಿ. ಧಾರವಾಡದಲ್ಲೇ ಕರ್ನಾಟಕ ವಿಶ್ವವಿದ್ಯಾಲಯ, ಐಐಟಿ, ಐಐಐಟಿ, ಕೃಷಿ ವಿಶ್ವವಿದ್ಯಾಲಯ ಇವೆ. ಬೆಳಕಿನ ಪ್ರಶ್ನೆಗೆ ಭೌತಶಾಸ್ತ್ರ ಮತ್ತು ಎಲೆಕ್ಟ್ರಾನಿಕ್ಸ್ ವಿಭಾಗ, ಮಣ್ಣಿನ ಪ್ರಶ್ನೆಗೆ ಕೃಷಿ ವಿಶ್ವವಿದ್ಯಾಲಯದ ಮಣ್ಣು ವಿಜ್ಞಾನಿಗಳು. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿದರೆ ಅರ್ಧ ಕೆಲಸ ಆದ ಹಾಗೆ. ದೂರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಕೋಲ್ಕತ್ತದ ಕೇಂದ್ರೀಯ ಗಾಜು ಮತ್ತು ಸಿರಾಮಿಕ್ ಸಂಶೋಧನಾ ಸಂಸ್ಥೆಗಳಲ್ಲಿ ಗ್ರೇಟಿಂಗ್ ಮೇಲೆ ಕೆಲಸ ನಡೆದಿದೆ. ಪತ್ರ ಬರೆಯುವಾಗ "ಆಸಕ್ತಿ ಇದೆ, ಅವಕಾಶ ಕೊಡಿ ಸರ್" ಅಂತಷ್ಟೇ ಬರೆಯಬೇಡಿ. ಆ ನಾಲ್ಕು ಸಾಲಿನ ಪ್ರಶ್ನೆ, ಸಕ್ಕರೆ ನೀರಿನ ಎರಡೂ ದಿಕ್ಕಿನ ಗ್ರಾಫ್, ಮಣ್ಣಿನ ಪೆಟ್ಟಿಗೆಯ ಫೋಟೋ ಲಗತ್ತಿಸಿ. "ನಮ್ಮ ಪೆಟ್ಟಿಗೆಯ ಮೇಲೆ ನಿಮ್ಮ ಯಂತ್ರದಿಂದ ಎರಡು ದಿನ ಅಳತೆ ಬೇಕು" ಅಂತ ನೇರವಾಗಿ ಕೇಳಿ. ಇಂಜಿನಿಯರಿಂಗ್ ಕೊನೆ ವರ್ಷದವರು ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆಗೆ ಕಾಲೇಜಿನ ಮೂಲಕ ಅರ್ಜಿ ಹಾಕಬಹುದು. ಪಾಠಕ್ಕೆ ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ನಡೆಸುವ ಆನ್‌ಲೈನ್ ಪಾಠಮಾಲೆ ಎನ್‌ಪಿಟಿಇಎಲ್‌ನ ಫೈಬರ್ ಆಪ್ಟಿಕ್ಸ್ ಉಪನ್ಯಾಸಗಳು ಪುಕ್ಕಟೆ ಸಿಗುತ್ತವೆ.

ಹೊಲದ ಕೆಲಸಕ್ಕೆ ಕಾಲ ನೋಡಿ ಹೊರಡಬೇಕು. ಮೇ ತಿಂಗಳಲ್ಲಿ ಬಿರುಕು ಪೂರ್ತಿ ತೆರೆದಿರುತ್ತದೆ, ಆಗಲೇ ಹೂಳಿ, ಮುಂಗಾರು ಬೀಳುವ ಮೊದಲು ಒಂದಷ್ಟು ದಿನ ಒಣ ಮಣ್ಣಿನ ಓದು ಸಿಗುತ್ತದೆ. ಹೊಲದ ಯಜಮಾನರಿಗೆ ಮೊದಲೇ ಹೇಳಿ, ಅವರು ಎಷ್ಟು ಆಳಕ್ಕೆ ನೇಗಿಲು ಅಥವಾ ಟ್ರ್ಯಾಕ್ಟರ್ ಹಾಕುತ್ತಾರೆ ಕೇಳಿಕೊಂಡು ಅದಕ್ಕಿಂತ ಕೆಳಗೆ ಕೇಬಲ್ ಇಡಿ, ಎರಡೂ ತುದಿಯನ್ನು ಬದುವಿನ ಮೇಲೆ ನೀರು ನಿಲ್ಲದ ಕಡೆ ಡಬ್ಬಿಯಲ್ಲಿ ಮುಚ್ಚಿ. ಹೆಗ್ಗಣದ ಕಾಟ ಇರುವ ಬದುವಾದರೆ ಆ ಭಾಗದ ಕೇಬಲಿಗೆ ಕಬ್ಬಿಣದ ಪೈಪ್ ತೊಡಿಸಿ. ಮಳೆ ದಿನದ ಓದು ತಪ್ಪಿಸಬೇಡಿ, ಮಣ್ಣು ಜೋರಾಗಿ ಚಲಿಸುವುದು ಆಗಲೇ. ಹಿಂಗಾರು ಬಿತ್ತನೆಗೆ ಹೊಲ ಹದ ಮಾಡುವ ತನಕ ಓದುತ್ತಾ ಹೋಗಿ.